ಜನ್ಮಸ್ವತ್ವವೂ ಪೌತಿ ಖಾತೆಯೂ

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಿಂದ ಆಳುತ್ತಿದ್ದ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ತಲೆಮಾರುಗಳಿಂದ ಬಂದ ಭೂಮಿಯಲ್ಲಿ ಮಗನಿಗೆ ಸ್ವತ್ವವುಂಟಾಗುವುದು ತಂದೆಯ ಮರಣದಿಂದಲೋ ತನ್ನ ಜನ್ಮದಿಂದಲೋ ಎಂಬ ಪ್ರಶ್ನೆಯನ್ನೆತ್ತಿ, ಜನ್ಮದಿಂದಲೇ ಎಂದು ನಿರ್ಣಯಿಸಿದನು. ವಂಗದೇಶದ ಜೀಮೂತವಾಹನನಾದರೋ ತನ್ನ 'ದಾಯಭಾಗ'ದಲ್ಲಿ, ತಂದೆಯ ಸ್ವತ್ವವು ಅಳಿದ ಹೊರತು ಮಗನದು ಉದಿಸಲಾರದೆಂದು ವಾದಿಸಿದನು. ಕನ್ನಡ ನಾಡು ಅಂದಿನಿಂದ ಬಹುಮಟ್ಟಿಗೆ ವಿಜ್ಞಾನೇಶ್ವರನ ಪಕ್ಷವನ್ನೇ ಹಿಡಿದು ಬಂದಿದೆ. ಆ ಜನ್ಮಸ್ವತ್ವವನ್ನು ಹೆಣ್ಣುಮಕ್ಕಳಿಗೂ ಸಲ್ಲಿಸಬೇಕೆಂದು ಕರ್ನಾಟಕವು 1994ರಲ್ಲಿಯೂ ಭಾರತವು 2005ರಲ್ಲಿಯೂ ಶಾಸನ ಮಾಡಿದವು.

ಆದರೆ ಸರ್ಕಾರದ ಸಹಾಯಧನವು ಹಂಚಿಕೆಯಾಗುವಲ್ಲಿ ಮಾತ್ರ ಜೀಮೂತವಾಹನನೇ ಗೆದ್ದಿದ್ದಾನೆ. ವರ್ಷಕ್ಕೆ 6000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುವ ಪಿಎಂ ಕಿಸಾನ್ ಯೋಜನೆಯು ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತ ವಯಸ್ಸಿನ ಮಕ್ಕಳು ಎಂದು ನಿರೂಪಿಸಿತು. 2019ರ ಫೆಬ್ರವರಿ 1ರಂದು ಯಾರ ಹೆಸರಿನಲ್ಲಿ ಭೂಮಿಯಿದ್ದಿತೋ ಅವರೇ ಅರ್ಹರೆಂದು ಗಡುವನ್ನಿರಿಸಿ, ಅನಂತರದ ಖಾತೆ ಬದಲಾವಣೆಗಳಲ್ಲಿ ಒಡೆಯನ ಮರಣದಿಂದಾದುದನ್ನು ಮಾತ್ರ ಮಾನ್ಯ ಮಾಡಿತು. ಹದಿನೆಂಟು ತುಂಬಿದ ಮಗನು ಹೀಗೆ ತಂದೆಯ ಕುಟುಂಬದಿಂದ ಹೊರಬೀಳುತ್ತಾನೆ. ತಂದೆಯ ಮರಣಾನಂತರ ಭೂಮಿಯು ತನ್ನ ಹೆಸರಿಗೆ ಪೌತಿ ಖಾತೆಯಾಗುವವರೆಗೆ ಯೋಜನೆಯ ಲೆಕ್ಕದಲ್ಲಿ ಸ್ವತಃ ರೈತನೂ ಆಗಲಾರನು. ತಂದೆಯ ಸಾವಿನ ಹೊರತು ಬೇರೆ ಬಾಗಿಲನ್ನು ತೆರೆಯದ ನಿಯಮದಲ್ಲಿ, ಅದನ್ನು ಬರೆದವರ ಉದ್ದೇಶವು ಎಷ್ಟೇ ಶುದ್ಧವಾಗಿರಲಿ, ಅಧರ್ಮದ ಒಂದಂಶವಿದೆಯೆಂದೇ ನಾನು ತಿಳಿಯುತ್ತೇನೆ.

ವಿಜ್ಞಾನೇಶ್ವರನು ಇನ್ನೂ ಆಳವಾದುದೊಂದನ್ನು ವಿಚಾರಿಸಿದ್ದಾನೆ. ಸ್ವತ್ವವನ್ನು ಶಾಸ್ತ್ರದಿಂದ ಅರಿಯಬೇಕೋ ಲೋಕವ್ಯವಹಾರದಿಂದಲೋ ಎಂದು ಕೇಳಿಕೊಂಡು, ಶಾಸ್ತ್ರದ ಗಂಧವಿಲ್ಲದ ಗಡಿನಾಡಿನ ಜನರೂ ಕೊಳ್ಳುವ ಮಾರುವ ವ್ಯವಹಾರವನ್ನು ನಡೆಸುವರಾದ್ದರಿಂದ ಅದು ಲೌಕಿಕವೇ ಸರಿ ಎಂದನು. ಹಾಗಾದರೆ ಲೋಕವನ್ನೇ ಕೇಳಬೇಕು. ಕಲಬುರಗಿ ಸೀಮೆಯಲ್ಲಿ ಮೃಗಶಿರಾ ಮಳೆ ಬಿದ್ದು ತೊಗರಿಯ ಬಿತ್ತನೆಗೆ ನೆಲ ಹದವಾದಾಗ, ಕಟ್ಟೆಯ ಮೇಲೆ ಕುಳಿತವರನ್ನು 'ಈ ಹೊಲ ಯಾರು ಮಾಡ್ತಾರ?' ಎಂದು ಕೇಳಿದರೆ, ಹಿರಿಯನ ಹೆಸರನ್ನಲ್ಲ, ಬೆಳಗಿನ ಜಾವಕ್ಕೆ ಕೂರಿಗೆ ಹೂಡಿಕೊಂಡು ಹೋದ ಕಿರಿಯನ ಹೆಸರನ್ನೇ ಹೇಳುತ್ತಾರೆ. ಅದೇ ಕಿರಿಯನು ಮಧ್ಯಾಹ್ನದ ವೇಳೆಗೆ ಬಿತ್ತನೆಯನ್ನು ನಿಲ್ಲಿಸಿ, ಎಪ್ಪತ್ತು ದಾಟಿದ ಅಪ್ಪನನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪಿಎಂ ಕಿಸಾನ್ ಕಂತಿಗಾಗಿ ಇ-ಕೆವೈಸಿ ಮಾಡಿಸಲು ಹೋಬಳಿಗೆ ಹೋಗುತ್ತಾನೆ; ನೇಗಿಲಿನ ಮೇಳಿ ಹಿಡಿದು ಸವೆದ ಅಪ್ಪನ ಹೆಬ್ಬೆರಳಿನ ಗೆರೆಗಳನ್ನು ಯಂತ್ರವು ಗುರುತಿಸುವುದಿಲ್ಲ. ದುಡಿದುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯುಂಟೆ?

ಅಪ್ಪನ ಪಕ್ಷವನ್ನೂ ಇಲ್ಲಿ ಹೇಳಲೇಬೇಕು. ಪಹಣಿಯಲ್ಲಿ ಹೆಸರಿರುವವರೆಗೆ ಮನೆಯಲ್ಲಿ ಮಾತು ನಡೆಯುವುದು, ಹೆಸರು ಹೋದಂದು ಊಟದ ತಟ್ಟೆಯೂ ತಡವಾಗಿ ಬರುವುದು ಎಂಬ ಮುದುಕರ ಅಂಜಿಕೆಯು ನಿರಾಧಾರವಾದುದಲ್ಲ. ಸಹಾಯಧನದ ಆಸೆಗಾಗಿ ಹೊಲವನ್ನು ಹಿಸ್ಸೆ ಮಾಡಿ, ಎರಡೆಕರೆಯನ್ನು ಅರ್ಧರ್ಧ ಎಕರೆಗೆ ತುಂಡರಿಸಿ, ಒಗ್ಗಟ್ಟಿನ ಮನೆಯನ್ನು ಮುರಿಯಿರೆಂದು ಯಾರೂ ಹೇಳಬಾರದು. ಒಡೆತನವು ಹಿರಿಯನಲ್ಲಿಯೇ ಉಳಿಯಲಿ. ಆದರೆ ಬಿತ್ತನೆಯ ಬೀಜ, ಹನಿ ನೀರಾವರಿಯ ಕೊಳವೆ, ಬೆಳೆ ಸಾಲ ಇವು ಒಡೆತನಕ್ಕೆ ಸಲ್ಲುವ ಮರ್ಯಾದೆಗಳಲ್ಲ, ಸಾಗುವಳಿಗೆ ಒದಗಬೇಕಾದ ಬಲ. ಗೀತೆಯು ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರ ಎಂಬ ಮೂರನ್ನೂ ವಿಧಿಸಿದೆ. ಪ್ರಜೆಗಳ ಹಣವನ್ನೇ ಪ್ರಜೆಗಳಿಗೆ ಕೊಡುವ ಇದು ದಾನವೇ ಅಲ್ಲವಾದರೂ, ತೋಳಿನಲ್ಲಿ ಕಸುವಿರುವ ಇಪ್ಪತ್ತೈದರಲ್ಲಿ ಬಾರದೆ ಐವತ್ತೈದರಲ್ಲಿ ಬರುವ ನೆರವಿನಲ್ಲಿ ಕಾಲವೆಂಬುದು ಮರೆತೇಹೋಗಿದೆ.

ತಂದೆಯ ಹೊಲವೂ ಇಲ್ಲದೆ ಪಾಲಿಗೆ ಮಾಡುವ ತರುಣನ ಪಾಡು ಇನ್ನೂ ಕಠಿನ. 1974ರ ಭೂಸುಧಾರಣೆಯು ಗೇಣಿಯನ್ನು ರದ್ದುಗೊಳಿಸಿ ಅಸಂಖ್ಯ ಉಳುವವರನ್ನು ಒಡೆಯರನ್ನಾಗಿಸಿತು, ಅದು ಪುಣ್ಯಕಾರ್ಯವೇ. ಆದರೆ ಬಾಯಿಮಾತಿನ ಪಾಲುಗಾರಿಕೆಯು ಇಂದಿಗೂ ನಡೆದಿರುವುದರಿಂದ, ಕಾನೂನಿನ ಕಣ್ಣಿಗೆ ಇಲ್ಲದಿರುವ ಆ ಉಳುವವನಿಗೆ ಬೆಳೆ ಹೋದಾಗ ಪರಿಹಾರವೂ ಇಲ್ಲ.

ನಮ್ಮ ಪಹಣಿಯಲ್ಲಿ ಒಡೆಯನ ಹೆಸರಿಗೆ ಒಂಬತ್ತನೆಯ ಕಲಂ ಇರುವಂತೆ, ಸಾಗುವಳಿದಾರನ ಹೆಸರಿಗೆಂದು ಹನ್ನೆರಡನೆಯ ಕಲಂ ಮೊದಲಿನಿಂದಲೂ ಇದೆ. ಬಹುತೇಕ ಕಡೆ ಅಲ್ಲಿ 'ಸ್ವಂತ' ಎಂದಷ್ಟೇ ಬರೆದು ಮುಗಿಸುತ್ತಾರೆ. ಒಡೆತನಕ್ಕೆ ಯಾವ ಚ್ಯುತಿಯೂ ಬಾರದೆಂಬ ಭರವಸೆಯನ್ನು ಹಿರಿಯನಿಗೆ ಬರಹದಲ್ಲಿ ಕೊಟ್ಟು, ಗ್ರಾಮಸಭೆಯ ಸಮಕ್ಷಮದಲ್ಲಿ ಆತನ ಒಪ್ಪಿಗೆಯನ್ನು ಪಡೆದು, ಊರಿಗೆಲ್ಲ ತಿಳಿದಿರುವ ಹೆಸರನ್ನು, ಅದು ಮಗನದಾಗಲಿ ಮಗಳದಾಗಲಿ, ಆ ಕಲಮಿನಲ್ಲಿ ಬರೆಯುವುದಕ್ಕೂ, ಬೀಜ ಗೊಬ್ಬರದ ನೆರವನ್ನು ಆ ಹೆಸರಿಗೇ ಕೊಡುವುದಕ್ಕೂ ಕಂದಾಯ ಇಲಾಖೆಯು ಈ ಮುಂಗಾರಿನಲ್ಲಿಯೇ ತೊಡಗಬಹುದು.