ಬಗ್ಗಿಸುವ ಕೈ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ನಮ್ಮ ಕ್ರೈಸ್ತ ಸಭೆಗಳಲ್ಲೂ ಈ ಗಾದೆಗೆ ಒಳ್ಳೆಯ ಬಳಕೆಯಿದೆ. ಸಂಡೇಸ್ಕೂಲಿನ ವಾರ್ಷಿಕೋತ್ಸವದಲ್ಲಿ, ಬೇಸಿಗೆ ರಜೆಯ ಬೈಬಲ್ ಶಾಲೆ ಶುರುವಾಗುವ ದಿನ, ದೃಢೀಕರಣಕ್ಕೆ ಮಕ್ಕಳು ಸಾಲಾಗಿ ನಿಂತಾಗ ಯಾರಾದರೊಬ್ಬ ಹಿರಿಯರು ಇದನ್ನು ಹೇಳಿಯೇ ಹೇಳುತ್ತಾರೆ. ಬೆನ್ನಿಗೇ ಜ್ಞಾನೋಕ್ತಿಗಳ 22ನೆಯ ಅಧ್ಯಾಯದ ಆರನೆಯ ವಚನವೂ ಬರುತ್ತದೆ. ಹುಡುಗನನ್ನು ಸರಿದಾರಿಯಲ್ಲಿ ಬೆಳೆಸಿದರೆ ಮುಪ್ಪಿನಲ್ಲೂ ಅವನು ಅದನ್ನು ಬಿಡುವುದಿಲ್ಲ ಎಂಬ ಭರವಸೆ ಅಲ್ಲಿದೆ.

ಗಾದೆ ಸುಳ್ಳಲ್ಲ. ನಾವು ಅದನ್ನು ಅರ್ಧವೇ ಕೇಳಿಸಿಕೊಂಡಿದ್ದೇವೆ. ಗಿಡದ ಎಳೆತನ ನಮ್ಮ ಕಣ್ಣಿಗೆ ಬೀಳುತ್ತದೆ, ಬಗ್ಗಿಸುವ ಕೈ ಬೀಳುವುದಿಲ್ಲ. ಹಗ್ಗ ಬಿಗಿದು ಎಳೆದ ಗಿಡ ಹಗ್ಗ ಬಿಚ್ಚಿದ ಕೂಡಲೇ ಚಿಮ್ಮಿ ನೆಟ್ಟಗಾಗುತ್ತದೆ. ದೃಢೀಕರಣವಾದ ಮೇಲೆ ಯುವಜನರ ಬೆಂಚು ಖಾಲಿಯಾಗುವುದನ್ನು, ಓದಿಗೋ ಕೆಲಸಕ್ಕೋ ಬೆಂಗಳೂರಿನ ಪಿಜಿ ಸೇರಿದ ಮಗ ದೇವಾಲಯದ ಹಾದಿ ಮರೆಯುವುದನ್ನು ಕಂಡು ನಾವು ಬೆರಗಾಗುತ್ತೇವೆ. ಅವರೂ ಗಿಡವಾಗಿದ್ದಾಗ ಬಗ್ಗಿದವರೇ. ವಚನ ಕಂಠಪಾಠದಲ್ಲಿ ಬಹುಮಾನ ಗೆದ್ದವರೇ. ಹಾಗಾದರೆ ಬಗ್ಗಿದ್ದು ಏನು, ಬಗ್ಗದೆ ಉಳಿದದ್ದು ಏನು?

ಸತ್ಯವೇದದಲ್ಲಿ ಇದಕ್ಕೊಂದು ಮನೆಯ ಕಥೆಯಿದೆ. ಶೀಲೋವಿನ ಯಾಜಕ ಏಲಿಗೆ ಇಬ್ಬರು ಗಂಡುಮಕ್ಕಳು, ಹೊಫ್ನಿ ಮತ್ತು ಫೀನೆಹಾಸ. ಯಾಜಕನ ಮಕ್ಕಳಾಗಿ, ಬಲಿ ಪ್ರಾರ್ಥನೆಗಳ ನಡುವೆಯೇ ಇದ್ದವರು. ಗಾದೆಯ ಲೆಕ್ಕದಲ್ಲಿ ಅವರಿಗಿಂತ ಚೆನ್ನಾಗಿ ಬಗ್ಗಬೇಕಾದವರು ಇನ್ನಾರೂ ಇರಲಿಲ್ಲ. ಆದರೆ ಜನ ತಂದ ಕಾಣಿಕೆಯ ಮಾಂಸವನ್ನೇ ಬಲವಂತವಾಗಿ ಕಿತ್ತುಕೊಂಡರು, ಸೇವೆಗೆ ಬಂದ ಹೆಂಗಸರನ್ನು ಕೆಡಿಸಿದರು. ಆಲಯದ ಹತ್ತಿರವೇ ಇದ್ದು ದೇವರಿಂದ ದೂರವಾದರು. ಅದೇ ಸೂರಿನಡಿ ತಾಯಿ ಹನ್ನಳು ತಂದುಬಿಟ್ಟ ಪುಟ್ಟ ಸಮುವೇಲನೂ ಬೆಳೆಯುತ್ತಿದ್ದ.

ಒಂದು ರಾತ್ರಿ ಹುಡುಗನಿಗೆ ಯಾರೋ ಹೆಸರು ಹಿಡಿದು ಕರೆದದ್ದು ಕೇಳಿಸಿತು. ಏಲಿಯ ಬಳಿಗೆ ಓಡಿದ. ‘ನಾನು ಕರೆಯಲಿಲ್ಲ, ಹೋಗಿ ಮಲಗು’ ಎಂದ ಮುದುಕ. ಮತ್ತೆ ಕರೆ, ಮತ್ತೆ ಓಟ. ಮೂರನೆಯ ಸಲ ಏಲಿಗೆ ಹೊಳೆಯಿತು, ಕರೆಯುತ್ತಿರುವವನು ದೇವರೆಂದು. ಆಗ ಅವನು ಮಾಡಿದ್ದನ್ನು ನಮ್ಮ ಯುವಜನ ಸೇವೆಯಲ್ಲಿರುವ ಪ್ರತಿಯೊಬ್ಬರೂ ಮನಸ್ಸಿಟ್ಟು ನೋಡಬೇಕು. ‘ದೇವರು ಏನು ಹೇಳುತ್ತಾನೆಂದು ನಾನೇ ಕೇಳಿ ನಿನಗೆ ತಿಳಿಸುತ್ತೇನೆ’ ಎನ್ನಲಿಲ್ಲ. ಹೇಗೆ ಓಗೊಡಬೇಕೆಂದಷ್ಟೇ ಹೇಳಿಕೊಟ್ಟು ಹುಡುಗನನ್ನು ಅವನ ಜಾಗಕ್ಕೆ ಕಳಿಸಿದ. ಬೆಳಗಾದ ಮೇಲೆ ಆಲಯದ ಬಾಗಿಲು ತೆರೆದವನು ಸಮುವೇಲನೇ. ಆ ಕೆಲಸ ಅವನ ಪಾಲಿನದಾಗಿತ್ತು. ಏಲಿ ಕರೆದು, ಕೇಳಿಸಿದ್ದನ್ನು ಮುಚ್ಚಿಡದೆ ಹೇಳು ಎಂದ. ಕೇಳಿಸಿದ್ದು ಏಲಿಯ ಮನೆತನದ ಮೇಲಿನ ತೀರ್ಪು. ಹುಡುಗ ಹೆದರುತ್ತಲೇ ಹೇಳಿದ, ಮುದುಕ ತಲೆಬಾಗಿ ಒಪ್ಪಿಕೊಂಡ. ಸ್ವಂತ ಮಕ್ಕಳ ವಿಷಯದಲ್ಲಿ ಸೋತಿದ್ದ ಏಲಿ ಈ ಹುಡುಗನ ವಿಷಯದಲ್ಲಿ ಸೋಲಲಿಲ್ಲ. ಅವನಿಗೆ ಕೇಳುವ ಕಿವಿ ಕೊಟ್ಟ, ಮಾಡಲು ನಿಜವಾದ ಕೆಲಸ ಕೊಟ್ಟ, ಕಹಿ ಮಾತನ್ನೂ ಆಡಬಹುದೆಂಬ ಧೈರ್ಯ ಕೊಟ್ಟ.

ಈ ಮೂರೂ ನಮ್ಮ ಯುವಜನ ಕೂಟಗಳಲ್ಲಿ ಎಷ್ಟಿವೆ? ಗಿಟಾರು, ಶಿಬಿರ, ಆಟೋಟ, ಬಣ್ಣದ ದೀಪಗಳ ಆರಾಧನೆ ಇವೆ; ಇರಲಿ, ಅವುಗಳಲ್ಲಿ ತಪ್ಪಿಲ್ಲ. ಆದರೆ ಯುವಕರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಹಬ್ಬಕ್ಕೆ ಕುರ್ಚಿ ಜೋಡಿಸಲು ಮಾತ್ರ ಕರೆದರೆ ಅವರಿಗೂ ಸಭೆಗೂ ನಂಟು ಬೆಳೆಯುವುದಾದರೂ ಎಲ್ಲಿ? ಇಪ್ಪತ್ತರ ಯುವಕನಿಗೆ ಸಭೆಯಲ್ಲಿ ಹೆಸರು ಹಿಡಿದು ಮಾತಾಡಿಸುವ ಅರವತ್ತರ ಹಿರಿಯರೊಬ್ಬರೂ ಇಲ್ಲದಿದ್ದರೆ ಅಲ್ಲಿನ ಆರಾಧನೆ ಎಷ್ಟು ರಂಗಾಗಿದ್ದರೂ ನನಗೆ ಭರವಸೆ ಬರುವುದಿಲ್ಲ.

ಹಾಗೆ ಮಾತಾಡಿಸಿದರೆ ಏನಾದೀತೆಂಬುದಕ್ಕೆ ಒಂದು ಘಟನೆ ನೋಡಿ. ಇಟಲಿಯ ಟ್ಯೂರಿನ್ ನಗರದಲ್ಲಿ 1841ರ ಡಿಸೆಂಬರ್ 8ರಂದು ಒಬ್ಬ ಅನಾಥ ಹುಡುಗ ಚಳಿಗೆ ಚರ್ಚಿನೊಳಗೆ ಬಂದು ನಿಂತಿದ್ದ. ಬಲಿಪೂಜೆಯಲ್ಲಿ ನೆರವಾಗಲು ಬರುವುದಿಲ್ಲ ಎಂದದ್ದಕ್ಕೆ ಅಲ್ಲಿನ ಸೇವಕ ಅವನನ್ನು ಹೊಡೆದು ಓಡಿಸಿದ. ಎಳೆಯ ಗುರು ಜಾನ್ ಬೋಸ್ಕೊ ಅದನ್ನು ಆಕ್ಷೇಪಿಸಿ, ಅವನು ನನ್ನ ಗೆಳೆಯ, ಕರೆದು ತನ್ನಿ ಎಂದರು. ಬಾರ್ತೊಲೊಮೆಯೊ ಗರೆಲ್ಲಿ ಎಂಬ ಆ ಹುಡುಗನಿಗೆ ಓದು, ಬರಹ, ಹಾಡು ಯಾವುದೂ ಬರುತ್ತಿರಲಿಲ್ಲ. ಕೊನೆಗೆ, ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದರು. ಹುಡುಗ ನಕ್ಕ. ಧರ್ಮೋಪದೇಶ ಶುರುವಾದದ್ದು ಆಮೇಲೆ. ಬೋಸ್ಕೊ ಕಟ್ಟಿದ ಸಲೇಷಿಯನ್ ಸಭೆಯವರು ತಮ್ಮ ಅಗಾಧ ಕೆಲಸದ ಮೂಲವೆಂದು ನೆನೆಯುವುದು ಈ ಭೇಟಿಯನ್ನೇ. ಹುಡುಗರನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆಂದು ಅವರಿಗೆ ಗೊತ್ತಾಗಬೇಕು ಎಂಬ ಅರ್ಥದ ಮಾತನ್ನು ಬೋಸ್ಕೊ 1884ರಲ್ಲಿ ರೋಮಿನಿಂದ ಬರೆದ ಪತ್ರದಲ್ಲಿ ಒತ್ತಿ ಹೇಳಿದರು.

ನಮ್ಮ ಕಾಲದ ಸಂಶೋಧಕರು ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದಾರೆ. ಅಮೆರಿಕದ ಹದಿಹರೆಯದವರ ಧಾರ್ಮಿಕ ಬದುಕನ್ನು ಅಭ್ಯಾಸ ಮಾಡಿದ ಕ್ರಿಶ್ಚಿಯನ್ ಸ್ಮಿತ್ ಮತ್ತು ಮೆಲಿಂಡಾ ಡೆಂಟನ್ 2005ರ ತಮ್ಮ ಪುಸ್ತಕದಲ್ಲಿ, ಮಕ್ಕಳ ನಂಬಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ತಂದೆತಾಯಿಯರದೇ ಎಂದರು. ಅಲ್ಲಿನದೇ ಕುಟುಂಬಗಳನ್ನು ತಲೆಮಾರುಗಳುದ್ದಕ್ಕೂ, ಮೂವತ್ತಕ್ಕೂ ಹೆಚ್ಚು ವರ್ಷ, ಹಿಂಬಾಲಿಸಿ ನೋಡಿದ ವರ್ನ್ ಬೆಂಗ್ಟ್‌ಸನ್ ಕಂಡದ್ದು ಇನ್ನೂ ಸೂಕ್ಷ್ಮ: ಭಕ್ತಿಯಷ್ಟೇ ಅಲ್ಲ, ಮನೆಯೊಳಗಿನ ಬೆಚ್ಚನೆಯ ಸಂಬಂಧವೂ ನಂಬಿಕೆಯನ್ನು ದಾಟಿಸುತ್ತದೆ, ಅದರಲ್ಲೂ ಅಪ್ಪನೊಂದಿಗಿನ ಆಪ್ತತೆ. ನಮ್ಮ ಮನೆಗಳಲ್ಲಿ ಪ್ರಾರ್ಥನೆ ಅಮ್ಮನ ಪಾಲು, ಗದರಿಕೆ ಅಪ್ಪನ ಪಾಲು ಎಂದು ಹಂಚಿಹೋಗಿದೆ. ಅಪ್ಪಂದಿರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ನಂಬಿಕೆ ದಾಟುವುದು ಮನೆಯೊಳಗೇ ಎಂಬುದಕ್ಕೆ ಸಾಕ್ಷಿ ಹುಡುಕಲು ಅಮೆರಿಕದವರೆಗೂ ಹೋಗಬೇಕಿಲ್ಲ. ಕರಾವಳಿಯ ಕಥೋಲಿಕರು 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದರು. ಊರಿನ ಇಗರ್ಜಿಗಳು ಕೆಡವಲ್ಪಟ್ಟಿದ್ದವು, ಪಾದ್ರಿಗಳನ್ನು ಗಡಿಪಾರು ಮಾಡಲಾಗಿತ್ತು. ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಮೀಸೆ ಮೂಡುವಷ್ಟು ಕಾಲ. ಬದುಕುಳಿದವರು ಹಿಂದಿರುಗಿ ಮತ್ತೆ ಇಗರ್ಜಿ ಕಟ್ಟಿಕೊಂಡರೆಂದರೆ ಆ ನಂಬಿಕೆಯನ್ನು ಕಾಯ್ದವರು ಅಮ್ಮಂದಿರು, ಅಜ್ಜಿಯರು ಎಂದೇ ನಾನು ತಿಳಿಯುತ್ತೇನೆ. ಸಂಜೆ ಮನೆಮಂದಿಯೆಲ್ಲ ಸೇರಿ ಜಪಮಾಲೆಯ ತೇರ್ಸ್ ಮಾಡಿ, ಕಿರಿಯರು ಹಿರಿಯರ ಬಳಿ ಹೋಗಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡುವ ಪದ್ಧತಿ ಈಗಲೂ ಅವರಲ್ಲಿದೆ. ಪೌಲನೂ ತಿಮೊಥೆಯನಿಗೆ ಬರೆಯುವಾಗ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನೀಕೆಯನ್ನೂ ಮೊದಲು ನೆನೆಯುತ್ತಾನೆ.

ಮನೆಯಲ್ಲಿ ಪ್ರಾರ್ಥನೆ ಇದ್ದರೆ ಸಾಕೇ? ಮಾತೂ ಬೇಕು. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ಮಕ್ಕಳಿಗೆ ಕಲಿಸಿರೆಂದು ಹೇಳಿ ಸುಮ್ಮನಾಗುವುದಿಲ್ಲ. ಮುಂದೆ ನಿನ್ನ ಮಗ ಈ ವಿಧಿಗಳೆಲ್ಲ ಏಕೆ ಎಂದು ಕೇಳಿದಾಗ ಏನು ಉತ್ತರಿಸಬೇಕೆಂಬುದನ್ನೂ ಹೇಳುತ್ತದೆ. ಮಗ ಕೇಳಿಯೇ ಕೇಳುತ್ತಾನೆಂದು ಮೋಶೆಗೆ ಗೊತ್ತಿತ್ತು. ಕೇಳುವುದನ್ನು ಅವನು ಅಪನಂಬಿಕೆ ಎನ್ನಲಿಲ್ಲ, ಐಗುಪ್ತದಿಂದ ಬಿಡುಗಡೆಯಾದ ಕಥೆಯನ್ನು ಹೇಳು ಎಂದ. ನಮ್ಮಲ್ಲಿ ಕಾಲೇಜಿನ ಹುಡುಗಿ ಸೃಷ್ಟಿಯ ಬಗ್ಗೆಯೋ, ಪ್ರಾರ್ಥಿಸಿದರೂ ತೀರಿಕೊಂಡ ತಂಗಿಯ ಬಗ್ಗೆಯೋ ಕೇಳಿದರೆ ‘ಹಾಗೆಲ್ಲ ಕೇಳಬಾರದು’ ಎಂಬ ಉತ್ತರ ಸಿಗುತ್ತದೆ. ಅವಳು ಕೇಳುವುದನ್ನು ಬಿಡುವುದಿಲ್ಲ, ನಮ್ಮನ್ನು ಕೇಳುವುದನ್ನು ಬಿಡುತ್ತಾಳೆ.

ಇನ್ನು ಗಾದೆಯ ದ್ವಿತೀಯಾರ್ಧ. ಮರವಾದದ್ದು ಬಗ್ಗುವುದೇ ಇಲ್ಲ ಎಂಬಲ್ಲಿ ಕ್ರೈಸ್ತನಾದವನು ಗಾದೆಯೊಂದಿಗೆ ಪೂರ್ತಿ ಒಪ್ಪಲಾರ. ಸಂತ ಅಗಸ್ಟೀನ್ ದೇವರತ್ತ ಮನಸ್ಸು ತಿರುಗಿಸಿದ್ದು 386ರಲ್ಲಿ, ಮೂವತ್ತು ದಾಟಿದ ಮೇಲೆ. ತಾಯಿ ಮೋನಿಕಾ ಅಷ್ಟು ವರ್ಷವೂ ಅವನನ್ನು ಕೈಬಿಟ್ಟಿರಲಿಲ್ಲ.

ಆದ್ದರಿಂದ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಬೇಗ ಹೊರಡಬೇಡಿ. ಹಿಂದಿನ ಬೆಂಚಿನಲ್ಲಿ ಕೂತ ಹುಡುಗನ ಹೆಸರು ಕೇಳಿ, ಅವನ ಓದು ವಿಚಾರಿಸಿ. ಸಭೆಯ ಲೆಕ್ಕಪತ್ರವನ್ನೋ, ಆರಾಧನೆಯ ವಾಚನವನ್ನೋ, ಕಾಯಿಲೆಯವರ ಮನೆಭೇಟಿಯನ್ನೋ ಅವನೊಂದಿಗೆ ಹಂಚಿಕೊಳ್ಳಿ. ಊರು ಬಿಟ್ಟು ಹೋದ ಮಕ್ಕಳಿಗೆ ಫೋನ್ ಮಾಡಿದಾಗ ಚರ್ಚಿಗೆ ಹೋದೆಯಾ ಎಂದು ವಿಚಾರಣೆ ಮಾಡುವ ಮೊದಲು ಊಟ ಮಾಡಿದೆಯಾ ಎಂದು ಕೇಳಿ, ನೀವು ಅವರಿಗಾಗಿ ದಿನವೂ ಪ್ರಾರ್ಥಿಸುತ್ತಿರುವುದನ್ನು ಅವರಿಗೆ ಹೇಳಿ.