ರಾಜನಿಗೆ ದಂಡವುಂಟೆ?

ದೊಡ್ಡ ಪದವಿಯಲ್ಲಿದ್ದು ಇಳಿದುಬಂದವನನ್ನು, ಕಳ್ಳಕಾಕರನ್ನು ನಿಲ್ಲಿಸುವ ಕಟಕಟೆಯಲ್ಲಿಯೇ ನಿಲ್ಲಿಸಬಹುದೆ? ಪ್ರಶ್ನೆ ಬಹಳ ಹಳೆಯದು. 2024ರ ಜುಲೈ 1ರಂದು ಅಮೆರಿಕದ ಸುಪ್ರೀಂ ಕೋರ್ಟು ಇದಕ್ಕೆ ಕೊಟ್ಟ ಉತ್ತರದಿಂದಾಗಿ ಅದು ಮತ್ತೆ ಹೊಸದಾಗಿದೆ. ಆಗ ಮಾಜಿ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಅವರ ಮೇಲೆ, 2020ರ ಚುನಾವಣೆಯ ಫಲಿತಾಂಶವನ್ನು ಬುಡಮೇಲು ಮಾಡಲು ಯತ್ನಿಸಿದರೆಂದು 2023ರ ಆಗಸ್ಟ್‌ನಲ್ಲಿ ಆರೋಪ ಹೊರಿಸಲಾಗಿತ್ತು. ಆ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೈಕಿ ಆರು ಮಂದಿ ಒಂದು ಕಡೆ, ಮೂವರು ಒಂದು ಕಡೆ ಆಗಿ ಬಂದ ತೀರ್ಪು ಅದು.

ಆ ತೀರ್ಪಿನ ಸಾರ ಇಷ್ಟು. ಸಂವಿಧಾನವು ಅಧ್ಯಕ್ಷನಿಗೇ ಮೀಸಲಿಟ್ಟಿರುವ ಅಧಿಕಾರಗಳನ್ನು ಚಲಾಯಿಸಿದ್ದಕ್ಕಾಗಿ ಅವನ ಮೇಲೆ ಎಂದಿಗೂ ಕ್ರಿಮಿನಲ್ ಮೊಕದ್ದಮೆ ಕೂಡದು. ಪದವಿಯ ಇತರ ಕಾರ್ಯಗಳಿಗೂ ರಕ್ಷಣೆಯುಂಟೆಂದೇ ಮೊದಲು ಭಾವಿಸಿಕೊಳ್ಳಬೇಕು. ಮೊಕದ್ದಮೆಯಿಂದ ಕಾರ್ಯಾಂಗದ ಅಧಿಕಾರಕ್ಕೆ ಯಾವ ಧಕ್ಕೆಯೂ ಬಾರದೆಂದು ತೋರಿಸಿಕೊಡುವ ಹೊರೆ ಸರ್ಕಾರದ ಕಡೆಯ ವಕೀಲರ ಮೇಲೆ. ಖಾಸಗಿ ಕೃತ್ಯಗಳಿಗೆ ಮಾತ್ರ ರಕ್ಷಣೆಯಿಲ್ಲ. ಇನ್ನು ಯಾವುದು ಪದವಿಯ ಕೆಲಸ, ಯಾವುದು ಖಾಸಗಿ ಕೆಲಸ ಎಂದು ವಿಂಗಡಿಸುವಾಗ, ಅಧ್ಯಕ್ಷನ ಮನಸ್ಸಿನಲ್ಲಿದ್ದ ಉದ್ದೇಶವೇನೆಂದು ಕೋರ್ಟು ವಿಚಾರಿಸಕೂಡದು.

ನನ್ನ ಮಿತ್ರರೊಬ್ಬರಿದ್ದಾರೆ; ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತಗಳಿಗೆ ಸಹಿ ಹಾಕಿ ನಿವೃತ್ತರಾದವರು. ಈ ತೀರ್ಪು ಸರಿಯಾದುದೆಂದೇ ಅವರ ಮತ. “ಸಹಿ ಹಾಕುವ ಕೈ ನಡುಗಬಾರದು, ಸ್ವಾಮಿ,” ಎಂದರು ಅವರು. “ನಾಳೆ ಪದವಿ ಬಿಟ್ಟ ಮೇಲೆ ಎದುರುಪಕ್ಷದವರು ನನ್ನನ್ನು ಜೈಲಿಗೆ ತಳ್ಳುತ್ತಾರೆ ಎಂಬ ಹೆದರಿಕೆ ಇಟ್ಟುಕೊಂಡು ಯುದ್ಧದ ಆಜ್ಞೆಗೆ ಸಹಿ ಹಾಕುವುದು ಹೇಗೆ? ಹೆದರಿದವನು ಕಡತವನ್ನು ಮುಂದಕ್ಕೆ ತಳ್ಳುತ್ತಾನೆ. ನಾನು ಕಂಡಿದ್ದೇನೆ.”

ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅವರ ತೀರ್ಪಿನಲ್ಲಿರುವ ವಾದವೂ ಹೆಚ್ಚು ಕಡಿಮೆ ಇದೇ. ಅಧ್ಯಕ್ಷನು ಧೈರ್ಯವಾಗಿ ಕೆಲಸಮಾಡಬೇಕು; ಒಬ್ಬೊಬ್ಬ ಅಧ್ಯಕ್ಷನೂ ತನ್ನ ಹಿಂದಿನವನ ಮೇಲೆ ಮೊಕದ್ದಮೆ ಹೂಡುತ್ತ ಹೋದರೆ ರಾಜ್ಯವೇ ಮುರಿದುಬಿದ್ದೀತು. ಈ ಭಯ ಕಲ್ಪನೆಯದಲ್ಲ. ಪದವಿ ಹೋದೊಡನೆ ಸೆರೆಮನೆ ಕಾದಿದೆಯೆಂದು ತಿಳಿದವನು ಪದವಿಯನ್ನು ಬಿಡಲೊಲ್ಲನು ಎಂಬುದಕ್ಕೆ ಲೋಕದ ಚರಿತ್ರೆಯಲ್ಲಿ ನಿದರ್ಶನಗಳು ಬೇಕಾದಷ್ಟಿವೆ.

ನಮ್ಮ ಹಿಂದಿನವರಿಗೂ ಈ ತೊಡಕು ಕಾಣದೆ ಇರಲಿಲ್ಲ. ಶತಪಥ ಬ್ರಾಹ್ಮಣದಲ್ಲಿ ರಾಜಸೂಯದ ಒಂದು ವಿಧಿ ಬರುತ್ತದೆ. ಋತ್ವಿಜರು ಅಭಿಷಿಕ್ತನಾದ ರಾಜನ ಬೆನ್ನಿಗೆ ಮೌನವಾಗಿ ಕೋಲುಗಳಿಂದ ಹೊಡೆಯುತ್ತಾರೆ. ಅದರಿಂದ ಅವನು ದಂಡವನ್ನು ದಾಟಿದವನಾಗುತ್ತಾನೆ, ಆದ್ದರಿಂದ ರಾಜನು ಅದಂಡ್ಯನು ಎಂದು ಅಲ್ಲಿ ವಿವರಣೆಯಿದೆ. ವಿನಾಯಿತಿ ದೊರೆಯಿತು, ದಿಟ. ಆದರೆ ಪೆಟ್ಟು ತಿನ್ನದೆ ದೊರೆಯಲಿಲ್ಲ! ಮನುಸ್ಮೃತಿಯಂತೂ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡ ಬೀಳುವ ತಪ್ಪನ್ನು ರಾಜನು ಮಾಡಿದರೆ ಅವನಿಗೆ ಸಾವಿರ ಎಂದು ಎಂಟನೆಯ ಅಧ್ಯಾಯ ಹೇಳುತ್ತದೆ. ಬೊಕ್ಕಸ ರಾಜನದೇ ಆಗಿರುವಾಗ ಈ ದಂಡವನ್ನು ಕಟ್ಟುವುದು ಯಾರಿಗೆ? ರಾಜರ ಮೇಲೂ ದಂಡ ಹಿಡಿದವನು ವರುಣನೆಂದು ಅದೇ ಗ್ರಂಥ ಒಂಬತ್ತನೆಯ ಅಧ್ಯಾಯದಲ್ಲಿ ಹೇಳುತ್ತದೆ. ಮನುವಿನ ಎಷ್ಟೋ ಮಾತುಗಳನ್ನು ನಾವು ಇಂದು ಒಪ್ಪಲಾರೆವು. ಜಾತಿಗೊಂದು ದಂಡವನ್ನು ವಿಧಿಸಿದ ಗ್ರಂಥ ಅದು. ಆದರೂ ಅಧಿಕಾರ ಹೆಚ್ಚಿದಷ್ಟೂ ಹೊಣೆ ಹೆಚ್ಚಬೇಕು ಎಂಬ ಈ ಲೆಕ್ಕದಲ್ಲಿ ನ್ಯಾಯವಿದೆ. ಅಮೆರಿಕದ ತೀರ್ಪಿನಲ್ಲಿ ಲೆಕ್ಕ ತಿರುವುಮುರುವಾಗಿದೆ: ಅಧಿಕಾರ ಎಲ್ಲಿ ಅತ್ಯಂತ ಹೆಚ್ಚೋ ಅಲ್ಲಿ ಹೊಣೆ ಸೊನ್ನೆ.

ಆ ದೇಶವನ್ನು ಕಟ್ಟಿದವರ ಮನಸ್ಸು ಹೀಗಿತ್ತೆ ಎಂದು ನೋಡಿದರೆ ಸಂದೇಹ ಬರುತ್ತದೆ. ಹೊಸ ಸಂವಿಧಾನವನ್ನು ಜನರಿಗೆ ವಿವರಿಸುತ್ತ 1788ರಲ್ಲಿ ಬರೆದ ಲೇಖನವೊಂದರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅಧ್ಯಕ್ಷನಿಗೂ ಇಂಗ್ಲೆಂಡಿನ ದೊರೆಗೂ ಇರುವ ಅಂತರವನ್ನು ಎಣಿಸಿ ತೋರಿಸುತ್ತಾನೆ. ದೊರೆ ಯಾರೂ ಮುಟ್ಟಬಾರದ ಪವಿತ್ರ ವ್ಯಕ್ತಿ. ಅಧ್ಯಕ್ಷನಾದರೋ ಮಹಾಭಿಯೋಗಕ್ಕೆ ಗುರಿಯಾಗಿ ಪದಚ್ಯುತನಾಗಬಹುದು, ಆಮೇಲೆ ಎಲ್ಲರಂತೆ ಸಾಮಾನ್ಯ ಕಾನೂನಿನ ವಿಚಾರಣೆಗೂ ಒಳಗಾಗಬಹುದು ಎಂಬುದು ಅವನು ಹೇಳಿದ ಅಂತರ. ಮಹಾಭಿಯೋಗದಲ್ಲಿ ಅಪರಾಧಿಯೆನಿಸಿದವನು ಮುಂದೆ ಮೊಕದ್ದಮೆಗೂ ಶಿಕ್ಷೆಗೂ ಗುರಿಯಾಗಬಲ್ಲನೆಂದು ಸಂವಿಧಾನದಲ್ಲಿಯೇ ಬರೆದಿದೆ.

ಆದರೆ ನಡೆದದ್ದೇನು? ಸಂಸತ್ ಭವನಕ್ಕೆ ಗುಂಪು ನುಗ್ಗಿದ 2021ರ ಜನವರಿ 6ರ ಘಟನೆಯ ತರುವಾಯ ಸೆನೆಟ್ಟಿನಲ್ಲಿ ಟ್ರಂಪ್ ಅವರ ಮಹಾಭಿಯೋಗದ ವಿಚಾರಣೆ ನಡೆಯಿತು. ಫೆಬ್ರವರಿ 13ರಂದು ಅಪರಾಧಿಯೆಂದವರು 57, ಅಲ್ಲವೆಂದವರು 43. ಮೂರನೆಯ ಎರಡು ಪಾಲು ಸೇರದೆ ಅವರು ಬಿಡುಗಡೆಯಾದರು. ಬಿಡುಗಡೆಗೆ ಮತ ಕೊಟ್ಟ ಅವರದೇ ಪಕ್ಷದ ನಾಯಕ ಮಿಚ್ ಮೆಕಾನೆಲ್, ಪದವಿ ಬಿಟ್ಟವನನ್ನು ವಿಚಾರಿಸುವುದು ಸೆನೆಟ್ಟಿನ ಕೆಲಸವಲ್ಲ, ಅದಕ್ಕೆ ನ್ಯಾಯಾಲಯಗಳಿವೆ ಎಂಬರ್ಥದ ಮಾತನಾಡಿದರು. ನ್ಯಾಯಾಲಯಕ್ಕೆ ಹೋದರೆ ಬಹುಪಾಲು ಪದವಿಯ ಕಾರ್ಯ, ನಮ್ಮ ಕೈಗೆ ನಿಲುಕದು ಎಂಬಂಥ ಉತ್ತರ ಬಂತು. 2024ರ ನವೆಂಬರಿನಲ್ಲಿ ಟ್ರಂಪ್ ಚುನಾವಣೆ ಗೆದ್ದರು. ಅಧಿಕಾರದಲ್ಲಿರುವ ಅಧ್ಯಕ್ಷನ ಮೇಲೆ ಮೊಕದ್ದಮೆ ನಡೆಸಬಾರದೆಂಬ ಸರ್ಕಾರದ ಹಳೆಯ ನಿಯಮದಂತೆ ಅದೇ ತಿಂಗಳ 25ರಂದು ಆ ಮೊಕದ್ದಮೆ ವಜಾ ಆಯಿತು. ಒಂದು ಬಾಗಿಲು ಇನ್ನೊಂದು ಬಾಗಿಲನ್ನು ತೋರಿಸಿತು. ಅದು ಮತ್ತೊಂದನ್ನು ತೋರಿಸಿತು. ಕೊನೆಗೆ ಎಲ್ಲವೂ ಮುಚ್ಚಿಕೊಂಡವು. ಆರೋಪ ನಿಜವೆ, ಸುಳ್ಳೆ ಎಂಬುದು ಕೋರ್ಟಿನಲ್ಲಿ ತೀರ್ಮಾನವಾಗಲೇ ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಈ ಸಂಗತಿ.

ಇಲ್ಲಿ ಅರ್ಧ ಶತಮಾನದ ಹಿಂದಿನ ಇನ್ನೊಂದು ಪ್ರಸಂಗವನ್ನು ನೆನೆಯಬೇಕು. ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದ ರಿಚರ್ಡ್ ನಿಕ್ಸನ್ 1974ರ ಆಗಸ್ಟ್ 9ರಂದು ಪದವಿ ಬಿಟ್ಟರು. ಅವರ ಸ್ಥಾನಕ್ಕೆ ಬಂದ ಜೆರಾಲ್ಡ್ ಫೋರ್ಡ್ ಸೆಪ್ಟೆಂಬರ್ 8ರಂದು, ನಿಕ್ಸನ್ ಅಧ್ಯಕ್ಷರಾಗಿದ್ದಾಗ ಮಾಡಿದ, ಮಾಡಿರಬಹುದಾದ ಎಲ್ಲ ಅಪರಾಧಗಳಿಗೂ ಕ್ಷಮೆ ಕೊಟ್ಟರು. ಫೋರ್ಡ್ ಅವರ ಪತ್ರಿಕಾ ಕಾರ್ಯದರ್ಶಿಯೇ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. 1976ರ ಚುನಾವಣೆಯಲ್ಲಿ ಫೋರ್ಡ್ ಸೋತರು; ಸೋಲಿಗೆ ಈ ಕ್ಷಮೆಯೂ ಒಂದು ಕಾರಣವೆಂದು ಹೇಳುವವರು ಬಹಳ. ನಾನೂ ಬಹುಕಾಲ ಆ ಕ್ಷಮೆ ದೊಡ್ಡ ತಪ್ಪು, ದೊಡ್ಡವರಿಗೊಂದು ನ್ಯಾಯ ಬಡವರಿಗೊಂದು ನ್ಯಾಯ ಎಂಬುದರ ಮಾದರಿ ಎಂದೇ ನಂಬಿದ್ದೆ. 2024ರ ತೀರ್ಪನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಸಡಿಲಿದೆ.

ಏಕೆಂದರೆ ಕ್ಷಮೆಯೇ ಬೇರೆ, ವಿನಾಯಿತಿಯೇ ಬೇರೆ. ಫೋರ್ಡ್ ತಮ್ಮ ಜೇಬಿನ ಕೈಚೀಲದಲ್ಲಿ 1915ರ ಒಂದು ಸುಪ್ರೀಂ ಕೋರ್ಟು ತೀರ್ಪಿನ ಕೆಲವು ಸಾಲುಗಳನ್ನು ಇಟ್ಟುಕೊಂಡು ತಿರುಗುತ್ತಿದ್ದರಂತೆ. ಕ್ಷಮೆಯಲ್ಲಿ ಅಪರಾಧದ ಆರೋಪಣೆ ಅಡಗಿದೆ, ಅದನ್ನು ಸ್ವೀಕರಿಸುವುದರಲ್ಲಿ ಅಪರಾಧದ ಒಪ್ಪಿಗೆ ಅಡಗಿದೆ ಎಂಬುದು ಆ ಸಾಲುಗಳ ಭಾವ. ಕ್ಷಮೆ ಬೇಕಾಗುವುದು ದಂಡಾರ್ಹನಿಗೆ. ನಿಕ್ಸನ್ ಅದನ್ನು ಸ್ವೀಕರಿಸಿದಾಗ, ಮಾಜಿ ಅಧ್ಯಕ್ಷನೂ ಕಾನೂನಿನ ಕೈಯಳತೆಯಲ್ಲಿದ್ದಾನೆಂದು ಇಬ್ಬರೂ ಒಪ್ಪಿಕೊಂಡಂತಾಯಿತು. ಇಲ್ಲದಿದ್ದರೆ ಕ್ಷಮೆಯ ಕಾಗದಕ್ಕೆ ಅರ್ಥವೇನಿತ್ತು? ಕ್ಷಮೆ ಕೊಟ್ಟವನು ತನ್ನ ಹೆಸರು ಹಾಕಿ ಕೊಟ್ಟ. ಜನರ ಕೋಪವನ್ನು ತಲೆಯ ಮೇಲೆ ಹೊತ್ತುಕೊಂಡ. ವಿನಾಯಿತಿ ಹಾಗಲ್ಲ. ಇನ್ನೂ ಹುಟ್ಟದ ತಪ್ಪಿಗೂ ಅದು ಮುಂಗಡವಾಗಿ ದೊರೆಯುತ್ತದೆ. ತಪ್ಪು ಎಂಬ ಮಾತನ್ನೇ ಎತ್ತಗೊಡುವುದಿಲ್ಲ. ಅದಕ್ಕಾಗಿ ಯಾರೂ ಬೆಲೆ ತೆರಬೇಕಾಗಿಲ್ಲ. 1977ರಲ್ಲಿ ಡೇವಿಡ್ ಫ್ರಾಸ್ಟ್ ಅವರ ಸಂದರ್ಶನದಲ್ಲಿ ನಿಕ್ಸನ್, ಅಧ್ಯಕ್ಷ ಮಾಡಿದ್ದು ಕಾನೂನುಬಾಹಿರವೆನಿಸದು ಎಂಬರ್ಥದಲ್ಲಿ ಉತ್ತರ ಕೊಟ್ಟಾಗ ಕೇಳಿದವರು ಬೆಚ್ಚಿಬಿದ್ದಿದ್ದರು. ಅಂದು ಬೆಚ್ಚಿಸಿದ ಮಾತು ಇಂದು ಬಹುಮಟ್ಟಿಗೆ ಕಾನೂನಾಗಿದೆ.

ಹಾಗಾದರೆ ನನ್ನ ಮಿತ್ರರ ನಡುಗುವ ಕೈಗೆ ಏನು ಹೇಳುವುದು? ಮೊದಲನೆಯದಾಗಿ, ವಾಷಿಂಗ್ಟನ್ನನಿಂದ ಹಿಡಿದು ಎರಡು ಶತಮಾನಕ್ಕೂ ಮೀರಿ ಆ ದೇಶದ ಅಧ್ಯಕ್ಷರು ಇಂಥ ಅಭಯಪತ್ರವಿಲ್ಲದೆಯೇ ಯುದ್ಧ ಮಾಡಿದರು, ಸಂಧಿ ಮಾಡಿದರು, ಗುಲಾಮರ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದರು. ಅವರ ಕೈ ನಡುಗಿ ಕೆಲಸ ನಿಂತ ನಿದರ್ಶನ ನನಗೆ ಕಾಣದು. ಎರಡನೆಯದಾಗಿ, ಮಿತ್ರರು ತಾವೇ ಸಹಿ ಹಾಕಿದ್ದು ಯಾವ ರಕ್ಷಣೆಯ ಕೆಳಗೆ? ನಮ್ಮ ದಂಡ ಪ್ರಕ್ರಿಯಾ ಸಂಹಿತೆಯ 197ನೆಯ ಪ್ರಕರಣದ ಕೆಳಗೆ. 2023ರ ಹೊಸ ಸಂಹಿತೆಯಲ್ಲಿ ಅದು 218ನೆಯದು. ಕರ್ತವ್ಯದ ಸಂದರ್ಭದಲ್ಲಿ ಮಾಡಿದ್ದಕ್ಕೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೋರ್ಟು ಮೊಕದ್ದಮೆಯನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಅದು ಜರಡಿ, ಗೋಡೆಯಲ್ಲ. ಪುಂಡು ಮೊಕದ್ದಮೆಗಳನ್ನು ತಡೆಯಲು ಜರಡಿ ಬೇಕು. ಇದನ್ನು ಹೇಳಿದಾಗ ಮಿತ್ರರು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, “ಒಂದೆರಡು ಕಡತಗಳಲ್ಲಿ ನನ್ನ ಕೈ ನಡುಗಿದ್ದುಂಟು. ನಡುಗಿದ್ದೇ ಒಳ್ಳೆಯದಾಯಿತು,” ಎಂದು ನಕ್ಕರು.

ಸೇಡಿನ ವಾದ ಇದಕ್ಕಿಂತ ಗಟ್ಟಿಯಾದುದು. ದಕ್ಷಿಣ ಕೊರಿಯವನ್ನು ನೋಡಿ. ಚುನ್ ದೂ-ಹ್ವಾನ್, ರೋ ತೇ-ವೂ ಎಂಬ ಇಬ್ಬರು ಮಾಜಿ ಅಧ್ಯಕ್ಷರಿಗೆ 1996ರಲ್ಲಿ ಶಿಕ್ಷೆಯಾಯಿತು. ಚುನ್‌ಗೆ ಮೊದಲು ವಿಧಿಸಿದ್ದು ಮರಣದಂಡನೆ. 1997ರ ಡಿಸೆಂಬರಿನಲ್ಲಿ ಇಬ್ಬರಿಗೂ ಕ್ಷಮೆ ದೊರೆಯಿತು. 2017ರಲ್ಲಿ ಪದಚ್ಯುತರಾದ ಪಾರ್ಕ್ ಗುನ್-ಹೇ ಜೈಲು ಸೇರಿ, 2021ರಲ್ಲಿ ಕ್ಷಮೆ ಪಡೆದರು. ಇಷ್ಟಾದ ಮೇಲೂ 2024ರ ಡಿಸೆಂಬರ್ 3ರ ರಾತ್ರಿ ಯೂನ್ ಸುಕ್-ಯೋಲ್ ಸೈನಿಕ ಶಾಸನ ಸಾರಿದರು! ಶಿಕ್ಷೆಯಿಂದ ಪಾಠ ಕಲಿಯುತ್ತಾರೆಂಬ ನಂಬಿಕೆ ಎಷ್ಟು ನಿಜ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆದರೆ ಅದೇ ರಾತ್ರಿ ಆ ದೇಶದ ಶಾಸಕರು ಸೈನಿಕರ ನಡುವೆ ನುಗ್ಗಿ ಸಭೆ ಸೇರಿ, ಕೆಲವೇ ಗಂಟೆಗಳಲ್ಲಿ ಆ ಶಾಸನದ ವಿರುದ್ಧ ಮತ ಹಾಕಿದರು. ಶಿಕ್ಷೆಯ ಪಾಠವನ್ನು ಅಧ್ಯಕ್ಷ ಕಲಿಯದಿರಬಹುದು, ದೇಶ ಕಲಿತಿತ್ತು.

ನಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳೋಣ. ಸಂವಿಧಾನದ 361ನೆಯ ಅನುಚ್ಛೇದದಂತೆ ರಾಷ್ಟ್ರಪತಿಯೂ ರಾಜ್ಯಪಾಲರೂ ತಮ್ಮ ಅಧಿಕಾರ ಚಲಾವಣೆಗಾಗಿ ಕೋರ್ಟಿಗೆ ಉತ್ತರ ಕೊಡಬೇಕಾಗಿಲ್ಲ. ಅಧಿಕಾರಾವಧಿಯಲ್ಲಿ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯುವಂತಿಲ್ಲ. ‘ಅವಧಿಯಲ್ಲಿ’ ಎಂಬ ಮಾತು ಮುಖ್ಯ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಆಗಸ್ಟ್‌ನಲ್ಲಿ, ಆ ಮಾತನ್ನು ಅಳಿಸುವ ಪ್ರಯತ್ನ ನಡೆಯಿತು. ರಾಷ್ಟ್ರಪತಿ, ರಾಜ್ಯಪಾಲರೊಡನೆ ಪ್ರಧಾನಮಂತ್ರಿಯನ್ನೂ ಸೇರಿಸಿ, ಪದವಿಗೆ ಬರುವ ಮೊದಲು ಅಥವಾ ಪದವಿಯಲ್ಲಿದ್ದಾಗ ಮಾಡಿದ ಯಾವ ಕೃತ್ಯಕ್ಕೂ ಎಂದೆಂದಿಗೂ ಕ್ರಿಮಿನಲ್ ಮೊಕದ್ದಮೆ ಇಲ್ಲವೆಂದು ವಿಧಿಸುವ ಮಸೂದೆಯನ್ನು ರಾಜ್ಯಸಭೆ ಅಂಗೀಕರಿಸಿಯೂ ಬಿಟ್ಟಿತು. ಪುಣ್ಯಕ್ಕೆ ಅದು ಲೋಕಸಭೆಯ ಮುಂದೆ ಬರಲೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಮೊದಲು ಬೇಲಿಗೆ ಅಭಯ ಕೊಡುವ ಏರ್ಪಾಡು ಅದು.

ಕೊನೆಯದಾಗಿ ಒಂದು ಮಾತು. ಇದು ನಿರಪರಾಧಿಯ ಪರವಾಗಿ. 2000ದಲ್ಲಿ ನಮ್ಮ ಮಾಜಿ ಪ್ರಧಾನಿ ಪಿ. ವಿ. ನರಸಿಂಹರಾಯರನ್ನು ಲಂಚದ ಪ್ರಕರಣವೊಂದರಲ್ಲಿ ಕೆಳಗಿನ ಕೋರ್ಟು ಅಪರಾಧಿಯೆಂದಿತು. 2002ರಲ್ಲಿ ದಿಲ್ಲಿಯ ಹೈಕೋರ್ಟು ಅವರನ್ನು ದೋಷಮುಕ್ತರನ್ನಾಗಿ ಮಾಡಿತು. ಮುಪ್ಪಿನ ಕಾಲದಲ್ಲಿ ಅವರು ಪಟ್ಟ ಪಾಡು ಸಣ್ಣದಲ್ಲ. ಆದರೂ ‘ಇವರು ತಪ್ಪಿತಸ್ಥರಲ್ಲ’ ಎಂಬ ಮಾತು ನ್ಯಾಯಾಲಯದ ಬಾಯಿಂದ ಬಂದು ದಾಖಲೆಯಲ್ಲಿ ಉಳಿಯಿತು. ವಿನಾಯಿತಿ ಅಂಥ ಮಾತನ್ನು ಎಂದಿಗೂ ಕೊಡಲಾರದು. ಅದರ ಆಶ್ರಯ ಪಡೆದ ಸಜ್ಜನನನ್ನೂ ದುರ್ಜನನನ್ನೂ ಜನ ಒಂದೇ ಸಂದೇಹದಿಂದ ನೋಡುತ್ತಾರೆ.

ಆದ್ದರಿಂದ ನನಗೆ ತೋರುವುದಿಷ್ಟು. ಪದವಿಯಲ್ಲಿರುವವರೆಗೆ ಮೊಕದ್ದಮೆ ಬೇಡ. ಪದವಿಯ ಕೆಲಸ ನಡೆಯಬೇಕು. ಪದವಿ ಬಿಟ್ಟ ಮೇಲೆ ಜರಡಿ ಇರಲಿ, ಅದು ಬಿಗಿಯಾಗಿಯೇ ಇರಲಿ. ವಿಚಾರಣೆ ನಡೆದು ಸತ್ಯ ಹೊರಬಿದ್ದ ತರುವಾಯ ದೇಶದ ಶಾಂತಿಗಾಗಿ ಕ್ಷಮಿಸಬೇಕೆಂದು ತೋರಿದರೆ, ಕ್ಷಮಿಸುವವನು ತನ್ನ ಹೆಸರು ಹಾಕಿ ಕ್ಷಮಿಸಲಿ, ಜನರಿಗೆ ಉತ್ತರ ಹೇಳಲಿ. ಫೋರ್ಡ್ ವಿಚಾರಣೆಗೆ ಮೊದಲೇ ಕ್ಷಮಿಸಿದರೆಂಬ ಆಕ್ಷೇಪಣೆ ನನ್ನಲ್ಲಿ ಇನ್ನೂ ಉಳಿದಿದೆ. ಸತ್ಯ ಪೂರ್ತಿಯಾಗಿ ತಿಳಿಯುವ ಮುನ್ನ ಕೊಟ್ಟ ಕ್ಷಮೆ ಅದು. ಆದರೂ ಅವರು ಮುಟ್ಟದೆ ಬಿಟ್ಟದ್ದು ಒಂದಿತ್ತು: ಕಾನೂನು. ನಿಕ್ಸನ್ ತಪ್ಪಿಸಿಕೊಂಡರು, ಕಾನೂನು ಹಾಗೆಯೇ ಉಳಿಯಿತು. ಈಗಿನ ತೀರ್ಪಿನಲ್ಲಿ ತಪ್ಪಿಸಿಕೊಂಡವರು ಯಾರೆಂಬುದಕ್ಕಿಂತ, ಮುಂದೆ ಬರುವ ಅಧ್ಯಕ್ಷರೆಲ್ಲರ ಮುಂದೆ ಕಾನೂನು ಹೇಗೆ ನಿಂತೀತು ಎಂಬುದೇ ನನ್ನ ಚಿಂತೆ.