ಸೇವೆ ಅಂದರೆ ಪುಕ್ಕಟೆಯೇ?

ಬನಹಟ್ಟಿಯ ಕಾಡಸಿದ್ಧೇಶ್ವರನ ತೇರಿರಲಿ, ರಬಕವಿಯ ಶಂಕರಲಿಂಗನ ಜಾತ್ರೆಯಿರಲಿ, ಮುಂದೆ ಕರಡಿ ಮಜಲು ಇಲ್ಲದಿದ್ದರೆ ಈ ಕಡೆಯವರಿಗೆ ಏನೋ ಬಿಟ್ಟುಹೋದಂತೆ. ಕರಡಿ ಎಂಬ ಈ ಚರ್ಮವಾದ್ಯಕ್ಕೆ ಅಂಗೈಯೂ ಬೇಕು, ಕೋಲೂ ಬೇಕು. ಜತೆಗೆ ದೊಡ್ಡ ತಾಳಗಳ ಝೇಂಕಾರ, ಎಲ್ಲದರ ಮೇಲೆ ಸನಾದಿಯ, ಅಂದರೆ ಶಹನಾಯಿಯ, ಎಳೆ. ಇಂಥ ಮೇಳ ಉಳಿಯುವುದು ಬಾರಿಸುವವರಿಂದ ಮಾತ್ರವಲ್ಲ. ಕಬ್ಬಿನ ಕಟಾವಿಗೆ ಹೋದವನನ್ನು ತೇರಿನ ದಿನಕ್ಕೆ ಹುಡುಕಿ ತರಬೇಕು, ಮಗ್ಗ ನಿಲ್ಲಿಸಿ ಬಂದವನ ಅಂದಿನ ಕೂಲಿ ತುಂಬಿಕೊಡಬೇಕು, ಸಡಿಲಾದ ಚರ್ಮಕ್ಕೆ ಹುರಿ ಬಿಗಿಯಬೇಕು, ಸಂಜೆ ಹುಡುಗರನ್ನು ಕೂಡಿಸಿ ಕೈ ತಿದ್ದಬೇಕು. ಇದನ್ನೆಲ್ಲ ಮೈಮೇಲೆ ಹಾಕಿಕೊಳ್ಳುವವರು ಮೇಳದ ಹಿರಿಯರು. ಅವರು ಮಾಡುವುದನ್ನು ಊರು 'ದೇವರ ಸೇವೆ' ಎಂದು ಕೈಮುಗಿದು ಸುಮ್ಮನಾಗುತ್ತದೆ. ನನ್ನ ತಕರಾರು ಈ ಮಾತಿನ ಮೇಲೆಯೇ.

ಒಲ್ಲೆ ಎನ್ನಲು ಬಾರದವನು ಮಾಡುವ ಕೆಲಸ ಸೇವೆಯಾಗದು. ಹಲಗಿಯನ್ನೇ ನೋಡಿ. ಬಾಗಲಕೋಟೆಯ ಹೋಳಿಯಲ್ಲಿ ಎಲ್ಲ ಓಣಿಯ ಹುಡುಗರೂ ಹಲಗಿ ಹಿಡಿಯುತ್ತಾರೆ. ಕಣಿಕಿಗೆ ಬೆಂಕಿ ಹಚ್ಚಿ, ಚರ್ಮವನ್ನು ಉರಿಗೆ ಹಿಡಿದು, ಬೆರಳಿಂದ ತಟ್ಟಿ ನೋಡಿ, ಮತ್ತೆ ಉರಿಗೆ ಹಿಡಿಯುವ ಆ ಹುಮ್ಮಸ್ಸಿಗೆ ಜಾತಿಯಿಲ್ಲ. ಅದೇ ಹಲಗಿ ಹೆಣದ ಮುಂದೆ ಬಾರಿಸುವ ಹೊತ್ತಿಗೆ ಒಂದೇ ಕೇರಿಯ ಪಾಲಾಗುತ್ತದೆ. ವಾದ್ಯ ಒಂದೇ, ಪೆಟ್ಟೂ ಒಂದೇ. ಒಬ್ಬನಿಗೆ ಅದು ಹಬ್ಬ, ಇನ್ನೊಬ್ಬನಿಗೆ ಹುಟ್ಟಿನಿಂದ ಅಂಟಿದ ಬಿಟ್ಟಿ ಚಾಕರಿ. ಜೀತ ರದ್ದತಿಯ ಕಾಯ್ದೆ 1976ರಲ್ಲೇ ಬಂತು, ಆದರೆ ರೂಢಿ ಕಾಯ್ದೆ ಓದುವುದಿಲ್ಲ. ಆ ಚಾಕರಿಗೂ ಊರು ಸೇವೆಯೆಂದೇ ಹೆಸರಿಟ್ಟಿತ್ತು. ಹಾಗಾಗಿ ಕೆಲವು ಮನೆತನಗಳ ಹುಡುಗರು ಹಲಗಿಯನ್ನು ಗೂಟಕ್ಕೆ ನೇತುಹಾಕಿ ಪಗಾರದ ಕೆಲಸಕ್ಕೆ ಹೋದರೆ, ಕಲೆ ಸತ್ತಿತೆಂದು ಗೋಳಾಡುವ ಹಕ್ಕು ನಮಗಿಲ್ಲ.

ದುಡ್ಡು ಬಂದರೆ ಭಕ್ತಿ ಹೋಗುತ್ತದೆ ಎನ್ನುವವರಿದ್ದಾರೆ. ಅವರು ನೆನಪಿಸುವುದು ಶರಣೆ ಆಯ್ದಕ್ಕಿ ಲಕ್ಕಮ್ಮನನ್ನು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿಸಿ ಬಾ ಎಂದಾಕೆ ಆಕೆ. ಆದರೆ ಲಕ್ಕಮ್ಮ ಮರಳಿಸಿದ್ದು ಹೆಚ್ಚಾದ ಅಕ್ಕಿಯನ್ನು, ಆ ದಿನದ ಪಾಲನ್ನಲ್ಲ. ಕಾಯಕದ ಫಲ ಕೈಗೆ ಬಂದ ಮೇಲೆಯೇ ದಾಸೋಹ. ಬರಿಗೈಯವನಿಂದ ದಾಸೋಹ ಕೇಳುವುದನ್ನು ಶರಣರು ಎಲ್ಲಿ ಹೇಳಿದ್ದಾರೆ? ಶರಣರ ಕೂಡಲಸಂಗಮ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ; ಇಷ್ಟು ಹತ್ತಿರದ ಮಾತನ್ನು ಇಷ್ಟು ಅನುಕೂಲಕ್ಕೆ ತಿರುಚಿಕೊಂಡೆವಲ್ಲ! ಇನ್ನು ವಾದ್ಯದವರನ್ನೇ ನೋಡಿ. ಬೀಳಗಿಯ ಸನಾದಿ ಅಪ್ಪಣ್ಣನ ಬದುಕು ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗೆ ಪ್ರೇರಣೆಯಾಗಿ, 1977ರಲ್ಲಿ ರಾಜಕುಮಾರ್ ಅಭಿನಯದ ಚಿತ್ರವಾಯಿತು. ಅದಕ್ಕೆ ಶಹನಾಯಿ ನುಡಿಸಿದ ಬಿಸ್ಮಿಲ್ಲಾ ಖಾನರು ಕಾಶಿಯ ಗುಡಿಯಲ್ಲೂ ನುಡಿಸಿದವರು, ಸಂಭಾವನೆ ಪಡೆದು ಕಛೇರಿಯನ್ನೂ ಮಾಡಿದವರು. ಅವರ ಭಕ್ತಿ ತೂಕ ಕಳೆದುಕೊಂಡಿತೆಂದು ಯಾರೂ ಅನ್ನಲಿಲ್ಲ. ದುಡ್ಡು ಮುಟ್ಟಿದರೆ ಭಕ್ತಿ ಹೋಯಿತೆಂಬ ಅಳತೆ ಕರಡಿಯವನಿಗೆ ಮಾತ್ರ ಏಕೆ?

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಮೇಳದ ಹಿರಿಯರೇ ಏನೂ ಬೇಡುವುದಿಲ್ಲ, ಖುಷಿಯಿಂದ ಮಾಡುತ್ತಾರೆ. ನೀವು ಕೂಲಿಯ ಮಾತೆತ್ತಿ ಅವರನ್ನೇಕೆ ಸಣ್ಣವರನ್ನಾಗಿಸುತ್ತೀರಿ? ಒಪ್ಪುತ್ತೇನೆ. ತಾನಾಗಿ ಕೊಡುವವನ ಸಮಯ ನಿಜವಾಗಿ ದಾಸೋಹವೇ. ಆದರೆ ಆತ ಬಿಟ್ಟುಕೊಡಬಹುದಾದದ್ದು ತನ್ನ ಪಾಲನ್ನಷ್ಟೇ, ತಾಳ ಹಿಡಿದ ನೇಕಾರನ ಪಾಲನ್ನಲ್ಲ. ಜಾತ್ರೆಯ ಪಟ್ಟಿಯಲ್ಲಿ ಪೆಂಡಾಲಿಗೆ, ದೀಪಕ್ಕೆ, ಡಿಜೆಗೆ ಮುಂಗಡದ ಕಲಮು ಇದ್ದರೆ ಮೇಳಕ್ಕೂ ಒಂದು ಕಲಮು ಇರಲಿ. ವೀಳ್ಯ ಕೊಡುವಾಗಲೇ ಆ ಮೊತ್ತವನ್ನೂ ಎಲೆಯ ಮೇಲಿಡಲಿ. ತಿರುಗಿ ಹುಂಡಿಗೆ ಹಾಕುವುದೋ, ಹರಿದ ಕರಡಿಗೆ ಹೊಸ ಚರ್ಮ ಹೊದಿಸುವುದೋ, ಅದು ಎಲೆ ಎತ್ತಿಕೊಂಡವನಿಗೆ ಬಿಟ್ಟದ್ದು.